ಗಂಟೆ ಸುಮ್ಮನಿರುವ ದಿನಗಳು

ತಿಂಗಳಿಗೊಂದು ಭಾನುವಾರ ಹಾಸನದಿಂದ ಒಂದು ಮಿನಿಬಸ್ಸು ಮಾಡಿಕೊಂಡು, ಬಂದಷ್ಟು ಜನರಿಗೆ ಹಳೆಯ ಚರ್ಚುಗಳನ್ನು ತೋರಿಸಿಕೊಂಡು ಬರುವುದು ನನಗೆ ಹತ್ತಿದ ಚಟ. ಹೊಟ್ಟೆಪಾಡಿಗೆ ನಾನು ಹಳೆಯ ಕಟ್ಟಡಗಳ ದುರಸ್ತಿ ಮಾಡಿಸುವ ಎಂಜಿನಿಯರ್. ನಮ್ಮ ಕಡೆ ಹಳೆಯದು ಅಂದರೆ ಹೊಯ್ಸಳರ ಗುಡಿ ಎಂದು ಎಲ್ಲರೂ ತೀರ್ಮಾನ ಮಾಡಿಬಿಟ್ಟಿದ್ದಾರೆ. ನುಗ್ಗೇಹಳ್ಳಿಗೆ ಹೋಗೋಣ ಅಂದರೆ ಬಸ್ಸು ತುಂಬಿ ಇನ್ನೊಂದು ಬೇಕಾಗುತ್ತದೆ. ಚರ್ಚು ನೋಡೋಣ ಅಂದರೆ, ಹಿನ್ನೀರಿನಲ್ಲಿ ಮುಳುಗುತ್ತದಲ್ಲ ಅದಾ ಎಂದು ಕೇಳುತ್ತಾರೆ. ಮುಳುಗುವುದನ್ನು ನೋಡಲು ಎಲ್ಲರಿಗೂ ಇಷ್ಟ. ಮುಳುಗದೆ ನಿಂತಿರುವುದನ್ನು, ಇವತ್ತಿಗೂ ಬೆಳಗ್ಗೆ ಸಂಜೆ ಪ್ರಾರ್ಥನೆ ನಡೆಯುವುದನ್ನು ನೋಡಿ ಎಂದು ಒಪ್ಪಿಸುವಷ್ಟರಲ್ಲಿ ನನ್ನ ಗಂಟಲು ಒಣಗಿರುತ್ತದೆ.

ಹೊಳೆನರಸೀಪುರ ದಾಟಿ ಅರಕಲಗೂಡಿನ ಕಡೆ ಹೋಗುವಾಗ ನಾಲೆಯ ಪಕ್ಕದ ಒಂದು ಊರಿನಲ್ಲಿ ಅಂಥ ಚರ್ಚೊಂದಿದೆ. ಇಟ್ಟಿಗೆ ಮತ್ತು ಗಾರೆಯ ದಪ್ಪ ಗೋಡೆ, ಮಂಗಳೂರು ಹೆಂಚು, ಮುಂದುಗಡೆ ಒಂದು ಗಂಟೆಗೋಪುರ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕು. ಇಂದಿಗೂ ಒಂದು ಕಡೆ ಗಂಡಸರು, ಒಂದು ಕಡೆ ಹೆಂಗಸರು ಚಾಪೆಯ ಮೇಲೆ ಕೂರುತ್ತಾರೆ. ಬಲಿಪೀಠದ ಮರದಲ್ಲಿ ದ್ರಾಕ್ಷಿ ಗೊಂಚಲು ಕೆತ್ತಿದ್ದಾರೆ. ಕೆತ್ತಿದ ಆಚಾರಿ ದ್ರಾಕ್ಷಿ ಕಂಡಿರಲಿಲ್ಲವೇನೋ, ಅದು ನೇರಳೆ ಹಣ್ಣಿನ ಗೊಂಚಲಾಗಿದೆ. ನನಗೆ ಆ ಚರ್ಚಿನಲ್ಲಿ ಎಲ್ಲಕ್ಕಿಂತ ಇಷ್ಟ ಆ ನೇರಳೆ.

ಆ ಸಲ ಬಂದಿದ್ದವರಲ್ಲಿ ಒಬ್ಬ ನಿವೃತ್ತ ಮೇಷ್ಟ್ರಮ್ಮ ಇದ್ದರು. ಗೋಪುರದ ಬುಡದಲ್ಲಿ ನಿಂತು ಫೋಟೋ ತೆಗೆಯುತ್ತಿದ್ದರು. ಅಂಗೈ ಅಗಲದ ಗಾರೆಯ ಚಕ್ಕೆಯೊಂದು ಮೇಲಿನಿಂದ ಬಂದು ಅವರ ಕಾಲ ಬಳಿ ಬಿದ್ದು ಪುಡಿಯಾಯಿತು. ಅವರಿಗೆ ಏನೂ ಆಗಲಿಲ್ಲ. ನಾನು ತಲೆ ಎತ್ತಿ ನೋಡಿದೆ. ಗಂಟೆ ತೂಗುವ ಅಂತಸ್ತಿನ ಕಮಾನಿನಿಂದ ಕೆಳಕ್ಕೆ ಒಂದು ಬಿರುಕು ಇಳಿದಿತ್ತು. ಹಿಂದಿನ ವರ್ಷ ಬಂದಾಗ ಅದು ಕೂದಲೆಳೆಯಷ್ಟಿತ್ತು.

ಚರ್ಚಿನ ಗುರುಗಳು ನನ್ನನ್ನು ಒಳಗೆ ಕೂರಿಸಿ ವಿಷಯ ಹೇಳಿದರು. ಕಟ್ಟಡಗಳನ್ನು ನೋಡಿಕೊಳ್ಳುವ ಅವರ ಸಮಿತಿಯ ಎಂಜಿನಿಯರು ಬಂದು ಹೋಗಿದ್ದಾರೆ. ನಾಲೆಯ ನೀರು ಇಂಗಿ ತಳಪಾಯ ಕುಸಿಯುತ್ತಿದೆ, ಮಳೆಗಾಲಕ್ಕೆ ಮುಂಚೆ ಗೋಪುರ ಇಳಿಸಿಬಿಡಿ ಎಂದಿದ್ದಾರೆ. ಪಾಸ್ಕ, ಅಂದರೆ ಈಸ್ಟರ್ ಹಬ್ಬ ಮುಗಿದ ಮೇಲಿನ ವಾರ ಸಮಿತಿ ಮತ್ತೆ ಬರುತ್ತದೆ. ಅಷ್ಟರೊಳಗೆ ಬಿರುಕು ಬೆಳೆಯುವುದು ನಿಂತಿದೆ ಎಂದು ತೋರಿಸಿದರೆ ಗೋಪುರ ಉಳಿಯುತ್ತದೆ, ಇಲ್ಲದಿದ್ದರೆ ಇಲ್ಲ. ನೀವೊಮ್ಮೆ ನೋಡ್ತೀರಾ ಎಂದು ಕೇಳಿದರು. ಒಪ್ಪಿಕೊಂಡೆ.

ಮೊದಲು ನಾನೂ ತಳಪಾಯವನ್ನೇ ಅನುಮಾನಿಸಿದೆ. ನಾಲೆ ಕಣ್ಣೆದುರಿಗೇ ಇರುವಾಗ ಬೇರೆ ಏನನ್ನು ಅನುಮಾನಿಸುವುದು. ಗೋಪುರದ ಮೂಲೆಯಲ್ಲಿ ಎದೆಮಟ್ಟ ಗುಂಡಿ ತೋಡಿಸಿದೆ. ಕೆಳಗೆ ಸೈಜುಗಲ್ಲು ಕಚ್ಚಿಕೊಂಡು ಕೂತಿತ್ತು, ಮಣ್ಣು ಗಟ್ಟಿಯಾಗಿ ಒಣಗಿತ್ತು. ಮೇಲಿನಿಂದ ತೂಕದ ಗುಂಡು ಇಳಿಬಿಟ್ಟು ನೋಡಿದರೆ ಗೋಡೆ ನೆಟ್ಟಗಿತ್ತು. ಗುಂಡಿ ಮುಚ್ಚಿಸಿ, ಹೊಳೆನರಸೀಪುರದ ಫೋಟೋ ಫ್ರೇಮ್ ಅಂಗಡಿಯಲ್ಲಿ ತೆಳ್ಳನೆಯ ಗಾಜನ್ನು ಪಟ್ಟಿ ಪಟ್ಟಿಯಾಗಿ ಕೊಯ್ಯಿಸಿಕೊಂಡು ಬಂದೆ. ಬಿರುಕಿನ ಎರಡೂ ದಡಕ್ಕೆ ಅಡ್ಡಲಾಗಿ ಗಾಜಿನ ಪಟ್ಟಿ ಇಟ್ಟು ಎರಡು ತುದಿಯನ್ನೂ ಪ್ಲಾಸ್ಟರಿನಲ್ಲಿ ಕಚ್ಚಿಸಿದರೆ, ಬಿರುಕು ಸ್ವಲ್ಪ ಅಲುಗಿದರೂ ಗಾಜು ಸೀಳುತ್ತದೆ. ಹಳೆಯ ಉಪಾಯ, ಸುಳ್ಳು ಹೇಳುವುದಿಲ್ಲ. ಬುಡದಿಂದ ತುದಿಯವರೆಗೆ ಅಲ್ಲಲ್ಲಿ ಹಚ್ಚಿದೆ.

ಕೆಳಗಿನ ಗಾಜುಗಳು ಹಾಗೇ ಉಳಿದವು. ಮೇಲಿನವು, ಗಂಟೆಯ ಅಂತಸ್ತಿನವು, ಮಾರನೆಯ ದಿನವೇ ಸೀಳಿದ್ದವು. ತಳ ಕುಸಿದಿದ್ದರೆ ಕೆಳಗೂ ಒಡೆಯಬೇಕಿತ್ತು. ತೊಂದರೆ ಮೇಲೆಯೇ ಇತ್ತು.

ಮೇಲೆ ಗಂಟೆ ತೂಗುತ್ತಿದ್ದದ್ದು ಒಂದು ಕಬ್ಬಿಣದ ತೊಲೆಗೆ. ಮುಂಚೆ ಮರದ ತೊಲೆಯಿತ್ತಂತೆ. ಅದನ್ನು ತೆಗೆಸಿ, ಎದುರುಬದುರು ಗೋಡೆಗೆ ಕಬ್ಬಿಣ ಕೂರಿಸಿ, ಗಂಟೆ ತೂಗಲು ಕರೆಂಟಿನ ಮೋಟರೂ ಹಾಕಿಸಿಕೊಟ್ಟವರು ಊರಿನವರೇ ಒಬ್ಬ ಯಜಮಾನರು. ಹೆಂಡತಿ ತೀರಿಕೊಂಡ ಮೇಲೆ ಅವರ ನೆನಪಿಗೆ ಮಾಡಿಸಿದ್ದು. ತೊಲೆಯ ಮೇಲೆ ಬಿಳಿ ಪೇಂಟಿನಲ್ಲಿ ಆ ತಾಯಿಯ ಹೆಸರಿದೆ. ಯಜಮಾನರು ರಾಮನಾಥಪುರದ ಹರಾಜಿಗೆ ಹೊಗೆಸೊಪ್ಪು ಹಾಕುವವರು, ಗಟ್ಟಿ ಆಳು. ನಾನು ಬಂದೆನೆಂದರೆ ಸಾಕು, ಎಳನೀರು ಹಿಡಿದುಕೊಂಡು ಬಂದು ತಳಪಾಯದ ಸಮಾಚಾರ ಕೇಳುತ್ತಿದ್ದರು. ಒಂದು ದಿನ ನಾನು ಮೇಲಕ್ಕೆ ನೋಡುತ್ತ ನಿಂತಿದ್ದಾಗ ಧೈರ್ಯ ಹೇಳಿದರು.

"ಮ್ಯಾಗಿಂದುಕ್ ಯೋಚ್ನೆ ಮಾಡ್ಬ್ಯಾಡಿ ಕಣವ್ವ. ಅದು ನಾನಾಕ್ಸಿರದು. ಎಲ್ಡೂ ಕಡೆ ಸಿಮೆಂಟು ಗಿಡ್ದು ಬಿಗಿ ಮಾಡ್ಸಿವ್ನಿ. ಗ್ವಾಪ್ರ ಬಿದ್ರೂ ಅದು ಅಲ್ಲಾಡಕಿಲ್ಲ."

ಬಿಗಿ ಎನ್ನುವ ಮಾತು ನನ್ನ ಕಿವಿಯಲ್ಲಿ ಉಳಿಯಿತು. ಆಗ ನನಗೆ ಪಕ್ಕಾ ಗೊತ್ತಿರಲಿಲ್ಲ, ಅನುಮಾನವಷ್ಟೇ ಇತ್ತು. ಮೋಟರಿನ ಕುಲುಕಾಟ ಇರಬಹುದೆಂದು ಗುರುಗಳಿಗೆ ಹೇಳಿ ಒಂದು ಮಧ್ಯಾಹ್ನ ಗಂಟೆ ಬಾರಿಸುವುದನ್ನು ತಪ್ಪಿಸಿ, ಹೊಸ ಗಾಜು ಹಚ್ಚಿ, ಮೇಲೆಯೇ ಕೂತೆ. ಕಮಾನಿನಿಂದ ಬಿಸಿಲು ನೇರ ತೊಲೆಗೆ ಹೊಡೆಯುತ್ತಿತ್ತು. ತೊಲೆ ಮುಟ್ಟಿದರೆ ಕೈ ಸುಡುತ್ತಿತ್ತು. ಗಂಟೆ ಮಿಸುಕಲಿಲ್ಲ, ಗಾಳಿಯೂ ಇರಲಿಲ್ಲ. ಬಿಸಿಲು ಏರಿದ ಹಾಗೆ ಗಾಜು ಚಿಟ್ಟೆಂದು ಸೀಳಿತು. ಕಾದ ಕಬ್ಬಿಣ ಉದ್ದವಾಗುತ್ತದೆ. ಎರಡೂ ತುದಿಯನ್ನು ಸಿಮೆಂಟಿನಲ್ಲಿ ಬಿಗಿದಿದ್ದರೆ ಅದು ಹೋಗುವುದೆಲ್ಲಿಗೆ? ದಿನಾ ಮಧ್ಯಾಹ್ನ ಗೋಡೆಯನ್ನು ಆಚೆಗೆ ತಳ್ಳುತ್ತಿತ್ತು. ಅದರ ಮೇಲೆ ದಿನಕ್ಕೆ ಮೂರು ಹೊತ್ತು ಮೋಟರು ಗಂಟೆಯನ್ನು ತೂಗಿ ಅಲ್ಲಾಡಿಸುತ್ತಿತ್ತು.

ರೋಗ ಸಿಕ್ಕಿತು ಎಂದು ಖುಷಿಯಿಂದ ಕೆಳಗಿಳಿದವಳಿಗೆ ಗುರುಗಳು ತಣ್ಣೀರೆರಚಿದರು. ಗಂಟೆ ಕೆಳಗಿಳಿಸಿ, ತೊಲೆ ಬಿಡಿಸಿ, ಒಂದು ತಿಂಗಳಲ್ಲಿ ಸರಿ ಮಾಡಿಕೊಡುತ್ತೇನೆ ಎಂದಿದ್ದೆ. ಅವರು ತಲೆ ಅಲ್ಲಾಡಿಸಿದರು.

"ಗಂಟೆ ಒಂದು ಸಲ ಇಳೀತು ಅಂದ್ರೆ ಮತ್ತೆ ಏರಲ್ಲ, ಮೇಡಂ. ಗಂಟೇನೇ ಇಲ್ಲ, ಗೋಪುರ ಯಾಕೆ ಅಂತಾರೆ ಸಮಿತಿಯವರು. ನಮ್ಮ ಜನಾನೂ ಒಪ್ಪಲ್ಲ. ಸಾವಿಗೂ ಅದೇ ಗಂಟೆ, ಮದುವೆಗೂ ಅದೇ ಗಂಟೆ. ಅದು ಸುಮ್ಮನಿರೋ ಹಾಗಿಲ್ಲ."

ನನಗೆ ಸಿಟ್ಟು ಬಂತು. ರೋಗಿಯನ್ನು ಮಲಗಿಸದೆ ಆಪರೇಷನ್ ಮಾಡಿ ಅಂದರೆ ಹೇಗೆ ಎಂದು ಗೊಣಗಿಕೊಂಡೇ ಹಾಸನಕ್ಕೆ ಬಂದೆ. ಪಾಸ್ಕಕ್ಕೆ ಒಂದು ವಾರ ಮುಂಚೆ, ಗರಿಗಳ ಭಾನುವಾರ ಮತ್ತೆ ಹೋದಾಗ ಹೆಂಗಸರು ತೆಂಗಿನ ಗರಿಯಲ್ಲಿ ಶಿಲುಬೆ ಹೆಣೆಯುತ್ತ ಕೂತಿದ್ದರು. ಅವರಲ್ಲೊಬ್ಬರು ಮೊಮ್ಮಗಳಿಗೆ ಆ ವಾರದ ಕಟ್ಟಳೆಗಳನ್ನು ಹೇಳುತ್ತಿದ್ದರು. ಗುರುವಾರ ಸಂಜೆ ಪೂಜೆಯಲ್ಲಿ ಗಂಟೆ ಬಾರಿಸಿದರೆ ಮುಗಿಯಿತು, ಆಮೇಲೆ ಶನಿವಾರ ಸಂಜೆಯ ಪಾಸ್ಕ ಪೂಜೆಯವರೆಗೆ ಗಂಟೆ ಮುಟ್ಟುವ ಹಾಗಿಲ್ಲ. ಅಲ್ಲಿಯವರೆಗೆ ಮರದ ಹಲಗೆ ಬಡಿದು ಕರೆಯುತ್ತಾರೆ.

ನಾನು ಎಷ್ಟೋ ಚರ್ಚುಗಳಲ್ಲಿ ಆ ಹಲಗೆಯನ್ನು ಬಸ್ಸಿನವರಿಗೆ ತೋರಿಸಿ ವಿವರಿಸಿದ್ದೇನೆ. ಆ ಕಟ್ಟಳೆ ನನ್ನ ಕೆಲಸಕ್ಕೆ ಬರುತ್ತದೆ ಎಂದು ಮಾತ್ರ ಹೊಳೆದಿರಲಿಲ್ಲ. ಅಲ್ಲೇ ನಿಂತು ಲೆಕ್ಕಾಚಾರ ಬದಲಿಸಿದೆ. ಗಂಟೆಯನ್ನು ಇಳಿಸುವುದೇ ಬೇಡ. ಇದ್ದಲ್ಲೇ ಬೆರಳಗಲ ಎತ್ತಿ ಹಿಡಿದುಕೊಂಡು, ತೊಲೆಯ ತುದಿಗಳನ್ನು ಸಡಿಲ ಮಾಡಿ, ಅದೇ ತೊಲೆಯ ಮೇಲೆ ಮತ್ತೆ ಕೂರಿಸುವುದು. ಗಂಟೆ ಹೇಗೂ ಬಾರಿಸದ ಆ ದಿನಗಳಲ್ಲೇ ಮುಗಿಸುವುದು.

ಗುರುಗಳು ಇದಕ್ಕೂ ಹಿಂದೇಟು ಹಾಕಿದರು, ಶುಭ ಶುಕ್ರವಾರ ಯಾರೂ ಕೆಲಸಕ್ಕೆ ಕೈ ಹಾಕುವ ದಿನವಲ್ಲ. ಕೊನೆಗೆ ಒಪ್ಪಿದರು. ನಮ್ಮವರನ್ನು ಕರೆಯಬೇಡಿ, ನಡುಮಧ್ಯಾಹ್ನದಿಂದ ಮೂರು ಗಂಟೆಯವರೆಗೆ ಒಂದು ಸುತ್ತಿಗೆ ಸದ್ದೂ ಕೇಳಬಾರದು ಎಂದರು. ಶನಿವಾರ ಸಂಜೆ ಗಂಟೆ ಬಾರಿಸದಿದ್ದರೆ ತಾವು ಜನಕ್ಕೆ ಮುಖ ತೋರಿಸುವ ಹಾಗಿಲ್ಲ ಎಂದೂ ಹೇಳಿದರು. ಯಜಮಾನರಿಗೆ ಯಾರು ಹೇಳುವುದು ಎಂದು ನಾನು ಕೇಳಿದ್ದಕ್ಕೆ, ನೀವೇ ಹೇಳಬೇಕು, ನೀವು ಎಂಜಿನಿಯರು ಎಂದು ಜಾರಿಕೊಂಡರು. ನಾನೂ ಮುಂದೂಡಿದೆ.

ಇಂಥ ಕೆಲಸಕ್ಕೆ ಆಳು ಎಲ್ಲಿ? ನೆನಪಾದದ್ದು ಚನ್ನರಾಯಪಟ್ಟಣದ ಕಡೆ ಬೋರ್‌ವೆಲ್ಲಿನಿಂದ ಮೋಟರು ಎತ್ತುವವರು. ಮೂರು ಕಾಲಿನ ಕಬ್ಬಿಣದ ಸ್ಟ್ಯಾಂಡು, ಚೈನ್ ಪುಲ್ಲಿ, ಭಾರವನ್ನು ಗಂಟೆಗಟ್ಟಲೆ ಗಾಳಿಯಲ್ಲಿ ಹಿಡಿದು ನಿಲ್ಲುವ ಅಭ್ಯಾಸ, ಎಲ್ಲ ಅವರಲ್ಲಿದೆ. ಅವರ ಮುಂದಾಳು ಫೋನಿನಲ್ಲಿ ಎಲ್ಲ ಕೇಳಿಸಿಕೊಂಡು, ಎಷ್ಟು ಎತ್ತಬೇಕು ಎಂದ. ಬೆರಳಗಲ ಅಂದೆ. ಬೆರಳಗಲ ಎತ್ತಕ್ಕೆ ಚನ್ರಾಯಪಟ್ಣದಿಂದ ಬರ್ಬೇಕಾ ಎಂದು ನಕ್ಕ. ಆದರೂ ಶುಕ್ರವಾರ ಬೆಳಕು ಹರಿಯುವ ಹೊತ್ತಿಗೆ ತನ್ನ ಜನ ಕಟ್ಟಿಕೊಂಡು ಬಂದು, ಗೋಪುರದ ಬುಡದಲ್ಲಿ ಚಪ್ಪಲಿ ಬಿಟ್ಟು, ಮೆಟ್ಟಿಲಿಗೆ ಕೈಮುಗಿದು ಹತ್ತಿದ.

ಹಳೆಯ ಅಟ್ಟದ ಮೇಲೆ ಭಾರ ಬೀಳದಂತೆ, ಗೋಡೆಯಿಂದ ಗೋಡೆಗೆ ದಪ್ಪ ಹಲಗೆ ಹಾಸಿ ಅದರ ಮೇಲೆ ಮೂರು ಕಾಲನ್ನು ನಿಲ್ಲಿಸಿದೆವು. ಗಂಟೆಯ ಹಿಡಿಕೆಗೆ ಬೆಲ್ಟು ಸುತ್ತಿ ಚೈನು ಬಿಗಿದರು. ಹಿಡಿಕೆಗೂ ತೊಲೆಗೂ ನಡುವೆ ನಾನೊಂದು ಕಾಗದ ತೂರಿಸಿ ಎಳೆಯುತ್ತಿದ್ದೆ. ಕಾಗದ ಸಲೀಸಾಗಿ ಆಚೀಚೆ ಓಡಾಡಿದಾಗ ಭಾರವೆಲ್ಲ ಚೈನಿಗೆ ಬಂದಿತು ಎಂದು ತಿಳಿಯಿತು. ಆಮೇಲೆ ಉಳಿಗೆ ಬಟ್ಟೆ ಸುತ್ತಿ ಒಂದು ತುದಿಯ ಸಿಮೆಂಟನ್ನು ಚೂರು ಚೂರೇ ಬಿಡಿಸಲು ಶುರು ಮಾಡಿದರು. ತೊಲೆಯ ತುದಿಗೂ ಗೋಡೆಗೂ ನಡುವೆ ಒಂದು ಗೆರೆಯಷ್ಟು ಸಂದು ಮಾಡುವಷ್ಟರಲ್ಲಿ ನಡುಮಧ್ಯಾಹ್ನವಾಯಿತು. ಕಬ್ಬಿಣ ಕೊಯ್ಯುವ ಆಕ್ಸೋ ಬ್ಲೇಡು ಆ ಸಂದಿನಲ್ಲಿ ಸರಾಗವಾಗಿ ಹೋಗಿ ಬರುತ್ತಿತ್ತು. ಅದನ್ನು ಅಲ್ಲೇ ಬಿಟ್ಟು ಸುಮ್ಮನೆ ಕೂತೆವು.

ಕೆಳಗೆ ಬಯಲಿನಲ್ಲಿ ಊರವರು ಶಿಲುಬೆಯ ಹಾದಿ ನಡೆಯುತ್ತಿದ್ದರು. ಬರಿಗಾಲಲ್ಲಿ ಸ್ವಲ್ಪ ದೂರ ನಡೆದು, ಮಂಡಿಯೂರಿ, ಹಾಡಿ, ಮತ್ತೆ ನಡೆಯುತ್ತಿದ್ದರು. ಯಜಮಾನರು ಮರದ ಶಿಲುಬೆ ಹೊತ್ತವರ ಜೊತೆಯಲ್ಲಿದ್ದರು. ಮೇಲೆ ನಾವು ಬಿಸಿಲಿನಲ್ಲಿ ಬೇಯುತ್ತಿದ್ದೆವು. ನೀರಿನ ಬಾಟಲಿ ಚಾಚಿದರೆ ಮುಂದಾಳು ಬೇಡವೆಂದು ತಲೆಯಾಡಿಸಿದ. ಕೆಳಗಿರುವವರು ಕುಡಿಯದೆ ನಡೆಯುತ್ತಿದ್ದಾರೆ, ಮೂರು ಗಂಟೆಗೆ ಕುಡಿದರಾಯಿತು ಎಂದು ಪಿಸುಗುಟ್ಟಿದ. ಅವನ ಮುಂದೆ ನಾನೊಬ್ಬಳೇ ಕುಡಿಯಲು ನಾಚಿಕೆಯಾಯಿತು.

ಮೂರು ಗಂಟೆಯಾದ ಮೇಲೆ ಬ್ಲೇಡಿಗೆ ಕೈ ಹಾಕಿದೆ. ಬರಲಿಲ್ಲ. ಮುಂದಾಳು ಎಳೆದ, ಅವನಿಗೂ ಬರಲಿಲ್ಲ. ಕಾದ ತೊಲೆ ಬೆಳೆದು ಸಂದನ್ನು ಮುಚ್ಚಿಬಿಟ್ಟಿತ್ತು. ನನ್ನ ಲೆಕ್ಕ ನಿಜ ಎನ್ನಲು ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ. ಅದೇ ಹೊತ್ತಿಗೆ ಮೆಟ್ಟಿಲ ಮೇಲೆ ಏದುಸಿರು ಕೇಳಿತು. ಯಜಮಾನರು ಬಂದಿದ್ದರು. ಶಿಲುಬೆ ಹೊತ್ತಿದ್ದ ಹೆಗಲು ಕೆಂಪಗಾಗಿತ್ತು, ಮುಖ ಅದಕ್ಕಿಂತ ಕೆಂಪಗಿತ್ತು.

"ತೊಲೆ ಕೀಳ್ತಾವ್ರೆ ಅಂದ್ರು. ನಿಜ್ವೇನವ್ವ?"

ಅವರಿಗೆ ಹೇಳಲೆಂದು ದಾರಿಯುದ್ದಕ್ಕೂ ಜೋಡಿಸಿಟ್ಟುಕೊಂಡಿದ್ದ ಮಾತುಗಳನ್ನು ಬಿಟ್ಟು ಸಂದಿನ ಕಡೆ ಕೈ ತೋರಿಸಿದೆ. ಆ ಬ್ಲೇಡು ಎಳೀರಿ ಯಜಮಾನ್ರೇ ಅಂದೆ. ಅವರು ಒಂದು ಕೈಯಲ್ಲಿ ಎಳೆದರು, ಎರಡೂ ಕೈಯಲ್ಲಿ ಎಳೆದರು. ಮಧ್ಯಾಹ್ನಕ್ಕೆ ಮುಂಚೆ ಅದು ಸಲೀಸಾಗಿ ಓಡಾಡುತ್ತಿತ್ತು, ನಾವು ಆಮೇಲೆ ಏನನ್ನೂ ಮುಟ್ಟಿಲ್ಲ ಎಂದೆ. ಅವರು ತೊಲೆಯ ಮೇಲೆ ಅಂಗೈ ಇಟ್ಟು ಚಟ್ಟನೆ ತೆಗೆದರು. ಮತ್ತೆ ಇಟ್ಟರು. ಸುಟ್ಟರೂ ಈ ಸಲ ತೆಗೆಯಲಿಲ್ಲ.

"ಬ್ಯಾರನ್ನಾಗೆ ಬೆಂಕಿ ಪೈಪ್ನ ಗ್ವಾಡೆಗೆ ಬಿಗ್ಯಾಕಲ್ಲ ಕಣವ್ವ," ಅಂದರು. ಬ್ಯಾರನ್ ಅಂದರೆ ಹೊಗೆಸೊಪ್ಪು ಬೇಯಿಸುವ ಮನೆ. "ಕಾದ್ರೆ ಪೈಪು ಬೆಳೀತದೆ. ಸಡ್ಲ ಬುಡ್ದೆ ಓದ್ರೆ ಗ್ವಾಡೆ ಬಿರ್ಕ್ ಬುಡ್ತದೆ. ನಮ್ ಕಡೆ ಉಟ್ದ್ ಮಗೀಗೂ ಗೊತ್ತದು. ಇದು ದೇವ್ರ ಮನೆ, ಅವಳ ಎಸ್ರಲ್ಲಾಕ್ಸದು, ಬ್ಯಾರನ್ನಂಗೆ ಸಡ್ಲ ಬುಟ್ರೆ ಏನ್ ಚೆಂದ ಅಂತ ನಾನೇ ನಿಂತ್ಕಂಡು ಬಿಗಿ ಮಾಡ್ಸುದ್ನಲ್ಲ."

ಮುಂದಾಳು ನೀರಿನ ಬಾಟಲಿಯನ್ನು ಅವರತ್ತ ಚಾಚಿದ. ಅವರು ಅದನ್ನು ಹಿಡಿದುಕೊಂಡು, ತೊಲೆಯನ್ನು ಕಿತ್ತು ಗುಜರಿಗೆ ಹಾಕುತ್ತೀರಾ ಎಂದು ತಗ್ಗಿದ ದನಿಯಲ್ಲಿ ಕೇಳಿದರು. ಇಲ್ಲ, ತೊಲೆ ಇಲ್ಲೇ ಇರುತ್ತದೆ, ಹೆಸರೂ ಇರುತ್ತದೆ, ತುದಿಗಳಿಗೆ ಉಸಿರಾಡಲು ಜಾಗ ಬಿಡುತ್ತೇವೆ ಅಷ್ಟೇ ಅಂದೆ. ಅವರು ಹಲಗೆಯ ಮೇಲೆ ಕೂತು ಟವೆಲಿನಲ್ಲಿ ಮುಖ ಒರೆಸಿಕೊಂಡರು. ನನಗೆ ಅರ್ಧ ಭಾರ ಆಗಲೇ ಇಳಿಯಿತು.

ಶನಿವಾರ ಬೆಳಗ್ಗೆ ತಂಪಿನಲ್ಲಿ ನಾವು ಹತ್ತುವಷ್ಟರಲ್ಲಿ ಯಜಮಾನರು ನಮಗಿಂತ ಮುಂಚೆ ಬಂದಿದ್ದರು. ಕೈಯಲ್ಲಿ ಬ್ಲೇಡು ಹಿಡಿದಿದ್ದರು, ತಣ್ಣಗಾದ ತೊಲೆ ಅದನ್ನು ತಾನೇ ಬಿಟ್ಟುಕೊಟ್ಟಿತ್ತು. ಪಕ್ಕದಲ್ಲಿ ಒಂದು ಮರದ ತುಂಡಿತ್ತು. ಹಿಂದೆ ಇಲ್ಲಿಂದ ಇಳಿಸಿದ ತೊಲೆಯದು. ಅವರ ಬ್ಯಾರನ್ನಿನಲ್ಲಿ ಸೌದೆ ಒಟ್ಟಲು ತಳಕ್ಕೆ ಹಾಕಿಕೊಂಡಿದ್ದರಂತೆ. ಹೊನ್ನೆ ಮರ, ಗೆದ್ದಲು ಮೂಸಿಯೂ ನೋಡಿರಲಿಲ್ಲ. ತೊಲೆಯ ಕೆಳಗೆ ಹಾಸುಮರಕ್ಕೆ ನಾನು ಹಾಸನದಿಂದ ತಂದಿದ್ದ ತೇಗದ ತುಂಡುಗಳನ್ನು ಪಕ್ಕಕ್ಕಿಟ್ಟೆ. ಅವರದನ್ನೇ ಕೊಯ್ದು ಬಳಸಿದೆವು.

ಎರಡನೆಯ ತುದಿ ಸುಲಭಕ್ಕೆ ಬಗ್ಗಲಿಲ್ಲ. ಸಿಮೆಂಟಿನ ಒಳಗೆ ತೊಲೆ ತುಕ್ಕು ಹಿಡಿದು ಊದಿಕೊಂಡಿತ್ತು. ಉಳಿ ಒಂದೇ ಕಡೆ ಜಾರುತ್ತಿತ್ತು. ಹೊತ್ತು ಏರುತ್ತಿತ್ತು, ಮತ್ತೆ ಕಾದರೆ ಇನ್ನೂ ಬಿಗಿಯುತ್ತದೆ ಎಂದು ನಾನು ಗಳಿಗೆಗೊಮ್ಮೆ ತೊಲೆ ಮುಟ್ಟಿ ನೋಡುತ್ತಿದ್ದೆ. ಯಜಮಾನರು ಮನೆಗೆ ಓಡಿ ಗೋಣಿಚೀಲಗಳನ್ನು ತಂದು ನೀರಿನಲ್ಲಿ ಅದ್ದಿ ತೊಲೆಯುದ್ದಕ್ಕೂ ಹೊದಿಸಿದರು. ಅದು ತಂಪಾಗಿಯೇ ಉಳಿಯಿತು. ಮಧ್ಯಾಹ್ನ ಊಟದ ಹೊತ್ತಿಗೆ ಒಳಗಿನಿಂದ ಕಟ್ ಎಂದು ಒಂದು ಸದ್ದು ಬಂದು ತುದಿ ಬಿಟ್ಟುಕೊಂಡಿತು. ತುಕ್ಕು ಕೆರೆದು, ರೆಡ್ ಆಕ್ಸೈಡ್ ಬಳಿದು, ಹೊನ್ನೆಯ ಹಾಸು ಕೊಟ್ಟು, ಸುತ್ತ ಬೆರಳು ಹೋಗುವಷ್ಟು ಸಂದು ಬಿಟ್ಟೆವು. ಬಿರುಕಿಗೆ ಸುಣ್ಣದ ಗಾರೆ ತುಂಬಿದೆವು, ಸಿಮೆಂಟು ಮುಟ್ಟಲಿಲ್ಲ. ಚೈನು ಸಡಿಲಿಸುತ್ತ ಬಂದಾಗ ನನ್ನ ಕಾಗದ ಮತ್ತೆ ಹಿಡಿಕೆಯ ಕೆಳಗೆ ಸಿಕ್ಕಿಕೊಂಡಿತು. ಅದು ಇವತ್ತಿಗೂ ಅಲ್ಲೇ ಇದೆ. ಮೋಟರನ್ನು ಮತ್ತೆ ಹಾಕಲಿಲ್ಲ. ಗಂಟೆ ತೂಗದೆ ಅದರ ನಾಲಿಗೆಯಷ್ಟೇ ಬಡಿಯುವ ಹಾಗೆ ಒಂದು ಹಗ್ಗ ಇಳಿಬಿಟ್ಟೆವು.

ಸಂಜೆ ಕತ್ತಲು ಕವಿಯುತ್ತಿದ್ದಂತೆ ಚರ್ಚಿನ ಮುಂದೆ ಹೊಸ ಬೆಂಕಿ ಹೊತ್ತಿಸಿ, ಮೊಂಬತ್ತಿ ಹಿಡಿದು ಎಲ್ಲರೂ ಒಳಗೆ ಹೋದರು. ನಾನು ಹೊರಗೆ ಗೋಪುರದ ಗೋಡೆಗೆ ಅಂಗೈ ಒತ್ತಿ ನಿಂತೆ. ಮಹಿಮೆಯ ಹಾಡು ಎತ್ತಿದ ಕೂಡಲೆ ಗಂಟೆ ಬಾರಿಸಬೇಕು. ಹಾಡು ಶುರುವಾಯಿತು, ಗಂಟೆಯ ಸದ್ದು ಬರಲಿಲ್ಲ. ನಾನು ಕತ್ತೆತ್ತಿ ಗೋಪುರ ನೋಡಿದೆ. ಆಮೇಲೆ ತಿಳಿಯಿತು, ಹಗ್ಗ ಹಿಡಿದಿದ್ದವರು ಯಜಮಾನರು, ಮೂಗು ಒರೆಸಿಕೊಳ್ಳುತ್ತಿದ್ದರಂತೆ. ಒಂದು ಸಲ ಹೊಡೆಯಿತು, ಇನ್ನೊಂದು, ಆಮೇಲೆ ನಿಲ್ಲಲೇ ಇಲ್ಲ. ಮುಂಚೆ ಮೋಟರು ಓಡುವಾಗ ಗೋಡೆ ಅಂಗೈಯಲ್ಲಿ ನಡುಗುತ್ತಿತ್ತು. ಈಗ ಸಣ್ಣಗೆ ಗುಂಯ್ ಅನ್ನುವುದಷ್ಟೇ ತಿಳಿಯುತ್ತಿತ್ತು. ಅಳು ಬಂತು, ಅದರ ಜೊತೆಗೇ ಭಯಂಕರ ಹಸಿವಾಯಿತು. ಚನ್ನರಾಯಪಟ್ಟಣದವರು ಬೇಲಿಯ ಪಕ್ಕ ಸಾಲಾಗಿ ನಿಂತು ಕೈಮುಗಿದಿದ್ದರು.

ಆದರೂ ನಿಜವಾದ ಪರೀಕ್ಷೆ ಭಾನುವಾರದ ಬಿಸಿಲಿನಲ್ಲಿತ್ತು. ಬೆಳಗ್ಗೆ ಹೊಸ ಗಾಜು ಹಚ್ಚಿದ್ದೆ. ಯಜಮಾನರ ಮನೆಯ ಹಬ್ಬದೂಟ ನನಗೆ ರುಚಿಯೇ ಹತ್ತಲಿಲ್ಲ. ಬಿಸಿಲು ಇಳಿಯುವ ಹೊತ್ತಿಗೆ ಇಬ್ಬರೂ ಹತ್ತಿದೆವು. ತೊಲೆ ಎಂದಿನಂತೆ ಕೈ ಸುಡುತ್ತಿತ್ತು. ನನಗೆ ನೋಡಲು ಧೈರ್ಯವಾಗದೆ ಯಜಮಾನರನ್ನು ಮುಂದೆ ಬಿಟ್ಟೆ. ಅವರು ಬಗ್ಗಿ, ಗಾಜಿನ ಮೇಲೆ ಈ ತುದಿಯಿಂದ ಆ ತುದಿಗೆ ಉಗುರು ಎಳೆದರು. "ಒಡ್ದಿಲ್ಲ ಕಣವ್ವ," ಅಂದರು. ನಾನೂ ಬಗ್ಗಿ ಅದೇ ಗಾಜಿನ ಮೇಲೆ ಉಗುರು ಎಳೆದು ನೋಡಿದೆ.

ವಾರದ ಕೊನೆಗೆ ಸಮಿತಿ ಬಂದಾಗಲೂ ಗಾಜು ಹಾಗೇ ಇತ್ತು. ಸಮಿತಿಯ ಎಂಜಿನಿಯರು ಗುಂಡಿ ತೋಡಿದ ಜಾಗ, ಸೀಳಿದ ಹಳೆಯ ಗಾಜುಗಳು, ತೊಲೆಯ ತುದಿ ಎಲ್ಲ ನೋಡಿ, ಮಳೆಗಾಲ ಕಳೆದ ಮೇಲೆ ಮತ್ತೊಮ್ಮೆ ನೋಡೋಣ, ಅಲ್ಲಿಯವರೆಗೆ ಗೋಪುರ ಮುಟ್ಟಬೇಡಿ ಎಂದರು. ಮಳೆಗಾಲ ಕಳೆಯಿತು. ಗಾಜು ಒಡೆಯಲಿಲ್ಲ.

ಮಳೆ ನಿಂತ ಮೇಲೆ ಬಸ್ಸು ಮತ್ತೆ ಹೊರಟಾಗ ಆ ಮೇಷ್ಟ್ರಮ್ಮನೇ ಮೊದಲು ಹೆಸರು ಕೊಟ್ಟರು. ಊರಿಗೆ ಹೋದರೆ ನನಗೆ ಕೆಲಸವೇ ಇಲ್ಲ, ಯಜಮಾನರು ಬಸ್ಸಿಗಾಗಿ ಕಾದಿದ್ದರು. ನೇರಳೆಯಂಥ ದ್ರಾಕ್ಷಿಯನ್ನು ಅವಸರವಾಗಿ ತೋರಿಸಿ ಮುಗಿಸಿ, ಎಲ್ಲರನ್ನೂ ಇಬ್ಬಿಬ್ಬರಂತೆ ಗೋಪುರ ಹತ್ತಿಸಿದರು. ಗಂಟೆಗಿಂತ ಮುಂಚೆ ಗಾಜು ತೋರಿಸಿದರು. ಯಾರು ಏನು ತಪ್ಪು ಮಾಡಿದ್ದರು ಎನ್ನುವುದನ್ನೂ ಮುಚ್ಚಿಡದೆ ಹೇಳಿದರು. ಮೇಷ್ಟ್ರಮ್ಮ ತೊಲೆಯ ಮೇಲಿನ ಹೆಸರನ್ನು ಓದಿ, ಇವರು ಯಾರು ಎಂದು ಕೇಳಿದರು.

ಯಜಮಾನರು ತೊಲೆಯ ತುದಿಯ ಸಂದಿಗೆ ಬೆರಳು ತೂರಿಸಿ ಆಡಿಸಿ ತೋರಿಸಿದರು.

"ನಮ್ಮನೆಯೋರು. ಬದ್ಕಿದ್ದಾಗ್ಲೂ ಅಂಗೇಯ. ಬಿಗಿ ಮಾಡುದ್ರೆ ಸುಮ್ಕಿರ್ತಿರ್ನಿಲ್ಲ."